ಹರ್ ಮಾಲ್ ಅಂಗಡಿಯ ಸಾಮಾನಿನಲ್ಲಿ ದೀಪಾವಳಿ: 600 ರೂಪಾಯಿಯೊಳಗೆ ಮನೆ ಅಲಂಕಾರ

ದಸರಾಕ್ಕೆ ಬನ್ನಿ ಕೊಟ್ಟು ಮುಗೀತು ಅಂದ್ರೆ ದೀಪಾವಳಿಗೆ ಇನ್ನು 20 ದಿನ. ನಮ್ಮ ಬೀದರಿನ ಬಜಾರಿನಲ್ಲಿ ಆ 20 ದಿನ ಎಲ್ಲಿ ನೋಡಿದರೂ 'ಹರ್ ಮಾಲ್ ಬೀಸ್ ರುಪಯಾ' ಅಂತ ಮೈಕಿನಲ್ಲಿ ಕೂಗುವ ಬಂಡಿಗಳು, ಅಂಗಡಿ ತುಂಬ ಮಿನುಗುವ ಸರಗಳು, ಪ್ಲಾಸ್ಟಿಕ್ ಚೆಂಡು ಹೂವು, ಥರ್ಮಾಕೋಲಿನ ಶುಭ ಲಾಭ. ಎಲ್ಲಾ 20 ರೂಪಾಯಿ, ಹೆಚ್ಚಂದ್ರೆ 50. ಕಡಿಮೆ ಬೆಲೆ ಅಂತ ಚೀಲ ತುಂಬಿಕೊಂಡು ಬರುತ್ತೇವೆ, ಮನೆಗೆ ಬಂದು ಲೆಕ್ಕ ಹಾಕಿದರೆ ಸಾವಿರ ದಾಟಿರುತ್ತದೆ, ಗೋಡೆಗೆ ಹಚ್ಚಿದರೆ ಪಕ್ಕದ ಮನೆಯ ಗೋಡೆಗೂ ನಮ್ಮ ಗೋಡೆಗೂ ವ್ಯತ್ಯಾಸವೇ ಇರುವುದಿಲ್ಲ.

ನಾನು ಈಗ ಐದಾರು ವರ್ಷದಿಂದ ಇದೇ ಅಂಗಡಿಗಳ ಸಾಮಾನಿನಲ್ಲೇ ನಮ್ಮ ಮನೆಯ ದೀಪಾವಳಿ ಮಾಡುತ್ತಿದ್ದೇನೆ. ಹೂವು, ಎಣ್ಣೆ ಬಿಟ್ಟು ಖರ್ಚು 600 ದಾಟಬಾರದು ಅಂತ ಲೆಕ್ಕ. ಹೋದ ವರ್ಷ 595 ಆಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನು ಈ ವರ್ಷಕ್ಕೂ ಬರುತ್ತದೆ.

ಮಾಡಬೇಕಾದದ್ದು ಇಷ್ಟೇ. ಅಲಂಕಾರದ ಸಾಲಿಗೆ ಹೋಗಬೇಡಿ. ಅಡುಗೆ ಸಾಮಾನಿನ ಸಾಲು, ಹೊಲಿಗೆ ಸಾಮಾನಿನ ಸಾಲು, ಸ್ಟೇಷನರಿ ಸಾಲು, ಇಲ್ಲಿ ನೋಡಿ. 'ಅಕ್ಕಾ, ಹೂವಿನ ಸರ ಒಯ್ರಿ, ಎಲ್ಲಾರೂ ಅದೇ ಒಯ್ಲತ್ತಾರ್' ಅಂತ ಅಂಗಡಿಯವರು ಹೇಳುತ್ತಾರೆ. ನಾನು 'ಅಣ್ಣಾ, ಮೊದ್ಲು ಖಾಲಿ ಬುಟ್ಟಿ ತೋರಸ್ರಿ' ಅನ್ನುತ್ತೇನೆ. ತಯಾರಾದ ಅಲಂಕಾರದಲ್ಲಿ ನೀವು ದುಡ್ಡು ಕೊಡುವುದು ಮಿನುಗಿಗೆ, ಒಳಗಿನ ಮಾಲು ಹಗುರ. ಬುಟ್ಟಿ, ದಾರ, ಬಳೆ, ಮುಚ್ಚಳ ಇವುಗಳಲ್ಲಿ ಕೊಟ್ಟ ದುಡ್ಡಿಗೆ ಗಟ್ಟಿ ಮಾಲು ಸಿಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ನಿಮ್ಮ ಮನೆಯ ಮುಂದೆ ರಸ್ತೆಯಲ್ಲಿ ನಿಂತು ಮನೆಯನ್ನು ಸರಿಯಾಗಿ ನೋಡಿ. ನಮ್ಮದು ಹಳೇ ಊರಿನ ಕೆಂಪು ಕಲ್ಲಿನ ಮನೆ. ಬೀದರ್ ನಿಂತಿರುವುದೇ ಈ ಕೆಂಪು ಕಲ್ಲಿನ ಮೇಲೆ, ಕೋಟೆಗೂ ಅದೇ, ನಮ್ಮ ಗೋಡೆಗೂ ಅದೇ. ಈ ಗೋಡೆಯ ಮೇಲೆ ಕೆಂಪು, ಕೇಸರಿ ಏನು ಹಾಕಿದರೂ ಹತ್ತು ಹೆಜ್ಜೆ ದೂರದಿಂದ ಕಾಣುವುದಿಲ್ಲ. ಹಳದಿ, ಬಿಳಿ, ನೀಲಿ ಎದ್ದು ಕಾಣುತ್ತವೆ. ಹೊಸ ಬಡಾವಣೆಯ ಮನೆಗಳಿಗೆ ಕ್ರೀಮ್ ಬಣ್ಣ ಇರುತ್ತದಲ್ಲ, ಅಲ್ಲಿ ಉಲ್ಟಾ, ಬಿಳಿ ಕಾಣುವುದಿಲ್ಲ, ಕೆಂಪು ಚೆನ್ನಾಗಿ ಕಾಣುತ್ತದೆ. ಮೂರು ಬಣ್ಣ ಆರಿಸಿಕೊಳ್ಳಿ, ನಾಲ್ಕನೆಯದು ಬೇಡ. ನಮ್ಮೂರಿನ ಹಳೇ ವಿದ್ಯಾಲಯ ಮಹಮೂದ್ ಗವಾನ್ ಮದರಸಾ 1472ರದು, ಅದರ ಉಳಿದಿರುವ ಮಿನಾರಿನ ಮೇಲೆ ಇನ್ನೂ ಅಲ್ಲಲ್ಲಿ ನೀಲಿ, ಬಿಳಿ, ಹಳದಿ ಹೆಂಚು ಅಂಟಿಕೊಂಡಿವೆ. ಇಷ್ಟು ಬಿಸಿಲು ಮಳೆ ಕಂಡರೂ ಆ ಬಣ್ಣ ದೂರದಿಂದ ಕಣ್ಣಿಗೆ ಹೊಡೆಯುತ್ತದೆ. ನಾನು ಅಲ್ಲಿಂದಲೇ ಬಣ್ಣ ತಗೊಂಡೆ.

ಈಗ ಆಕಾಶಬುಟ್ಟಿ. ದುಡ್ಡು, ಸಮಯ ಎರಡನ್ನೂ ಜಾಸ್ತಿ ಹಾಕಬೇಕಾದದ್ದು ಇದಕ್ಕೇ. ಯಾಕಂದ್ರೆ ಇದು ಮೂರು ದಿನದ ಸಾಮಾನಲ್ಲ, ಕಾರ್ತಿಕ ಮುಗಿಯುವ ತನಕ ತೂಗಬೇಕು, ಗಾಳಿ, ಮಂಜು ಎಲ್ಲಾ ತಡೆಯಬೇಕು. ಬಜಾರಿನ ಕಾಗದದ ಆಕಾಶಬುಟ್ಟಿ ನಮ್ಮ ಮನೆಯಲ್ಲಿ ಎಂದೂ ಎಂಟು ದಿನ ಬಾಳಲಿಲ್ಲ.

ಬೇಕಾದದ್ದು ಒಂದೇ ಅಳತೆಯ ಎರಡು ತೂತಿನ ಪ್ಲಾಸ್ಟಿಕ್ ಬುಟ್ಟಿ, ನಾವು ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಡುತ್ತೇವಲ್ಲ, ಅಂಥವು. ದುಂಡಗಿರಬೇಕು, ಬಾಯಿ ಅಗಲ ಇದ್ದು ತಳ ಸಣ್ಣಗಿರಬೇಕು. ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಚ್ಚಿ ಬುಟ್ಟಿಯೊಳಗೆ ಇಟ್ಟು ನೋಡಿ. ಬೆಳಕು ಬುಟ್ಟಿಯ ಮೈಯಿಂದಲೂ ಹೊರಬಂದರೆ ತಗೊಳ್ಳಿ. ಬಿಳಿ, ಹಳದಿ, ತಿಳಿ ಹಸಿರು ಬುಟ್ಟಿಗಳಲ್ಲಿ ಬರುತ್ತದೆ. ಗಾಢ ನೀಲಿ, ಕಂದು ಬುಟ್ಟಿಯಲ್ಲಿ ತೂತುಗಳಿಂದ ಮಾತ್ರ ಬರುತ್ತದೆ, ರಾತ್ರಿ ಹೊತ್ತು ಕರಿ ಗಡಿಗೆ ತೂಗಿದ ಹಾಗೆ ಕಾಣುತ್ತದೆ. ಎರಡು ಬುಟ್ಟಿಗೆ 40 ರೂಪಾಯಿ. ಪತಂಗದ ಕಾಗದ, ಅಂದ್ರೆ ಗಾಳಿಪಟದ ತೆಳು ಕಾಗದ, ನಾಲ್ಕು ಹಾಳೆ 20. ಕೇಬಲ್ ಟೈ, ಅಂದ್ರೆ ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ, ಒಂದು ಪಾಕೀಟು 20. ಹೋಲ್ಡರ್ ಮತ್ತು ಅರ್ಧ ವ್ಯಾಟಿನ ಎಲ್ಇಡಿ ನೈಟ್ ಬಲ್ಬ್ ಸೇರಿ 40, ವೈರು 45. ಬಲ್ಬು, ವೈರು ಮಾತ್ರ ಬಂಡಿಯಲ್ಲಿ ತಗೊಳ್ಳಬೇಡಿ, ಕರೆಂಟಿನ ಸಾಮಾನಿನ ಅಂಗಡಿಯಲ್ಲೇ ತಗೊಳ್ಳಿ.

ಪತಂಗದ ಕಾಗದ ಬುಟ್ಟಿಗೆ ಅಂಟಿಸಲು ಹೋಗಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಫೆವಿಕಾಲ್ ನಿಲ್ಲುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಹಾಳೆಯನ್ನು ಬುಟ್ಟಿಯ ಒಳಗೆ ಇಟ್ಟು ಅಂಗೈಯಿಂದ ಮೆಲ್ಲಗೆ ತಳದ ತನಕ ಒತ್ತಿ. ಸುಕ್ಕು ಬೀಳುತ್ತದೆ, ಬೀಳಲಿ, ಬೆಳಕು ಹಚ್ಚಿದಾಗ ಆ ಸುಕ್ಕೇ ಚಂದ. ಬಾಯಿಯ ಅಂಚಿನಿಂದ ಎರಡು ಬೆರಳು ಹೊರಗೆ ಬರುವಷ್ಟು ಹಾಳೆ ಬಿಟ್ಟು ಉಳಿದದ್ದು ಕತ್ತರಿಸಿ, ಹೊರಗೆ ಉಳಿದದ್ದನ್ನು ಅಂಚಿನ ಮೇಲೆ ಮಡಿಸಿ. ಮೇಲಿನ ಬುಟ್ಟಿಗೆ ಹಳದಿ, ಕೆಳಗಿನದಕ್ಕೆ ಬಿಳಿ. ಎರಡೂ ಬುಟ್ಟಿ ಬಾಯಿಗೆ ಬಾಯಿ ಕೂಡಿಸಿದಾಗ ಮಡಿಸಿದ ಕಾಗದ ನಡುವೆ ಸಿಕ್ಕಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ, ಅಂಟೇ ಬೇಡ. ಹರಿದರೆ ಬದಲಿಸುವುದೂ ಸುಲಭ.

ಮುಚ್ಚುವ ಮುಂಚೆ ಮೇಲಿನ ಬುಟ್ಟಿಯ ತಳದ ತೂತಿನಿಂದ ವೈರು ಇಳಿಸಿ ಒಳಗೆ ಹೋಲ್ಡರ್ ಜೋಡಿಸಿ, ಬಲ್ಬು ನಡುಮಧ್ಯ ಬರಬೇಕು, ಕಾಗದಕ್ಕೆ ತಾಗಬಾರದು. ವೈರು ಜೋಡಿಸಲು ಬಾರದಿದ್ದರೆ ಸುಮ್ನೆ ಧೈರ್ಯ ಮಾಡಬೇಡಿ, ಅಂಗಡಿಯವರಿಗೇ ಹೋಲ್ಡರ್, ವೈರು, ಪಿನ್ನು ಕೂಡಿಸಿ ಕೊಡಿ ಅಂದ್ರೆ ಕೊಡುತ್ತಾರೆ. ಆಗ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಹೋಲ್ಡರ್ ತೂರುವಷ್ಟು ತಳ ಕತ್ತರಿಸಬೇಕು. ಹಳೇ ಗಾಜಿನ ಬಲ್ಬು, ಬಿಸಿಯಾಗುವಂಥದ್ದು, ಇದರೊಳಗೆ ಬೇಡವೇ ಬೇಡ. ಕಾಗದಕ್ಕೂ ಪ್ಲಾಸ್ಟಿಕ್ಕಿಗೂ ಅದು ಅಪಾಯ. ಅರ್ಧ ವ್ಯಾಟಿನ ಎಲ್ಇಡಿ ರಾತ್ರಿ 12 ಗಂಟೆಯಂತೆ ತಿಂಗಳಿಡೀ ಉರಿದರೂ ಕಾಲು ಯೂನಿಟ್ ಕೂಡ ಆಗುವುದಿಲ್ಲ.

ಕಟ್ಟುವಾಗ ಒಂದು ಪಕ್ಕ ಎರಡು ಕೇಬಲ್ ಟೈ ಹಾಕಿ ಬಿಗಿಯಿರಿ, ಅದು ಬಾಗಿಲಿನ ಕೀಲಿನ ಹಾಗೆ ಕೆಲಸ ಮಾಡುತ್ತದೆ. ಎದುರಿನ ಪಕ್ಕಕ್ಕೆ ಟೈ ಬೇಡ, ದಾರದಿಂದ ಕಟ್ಟಿ. ಬಲ್ಬು ಹೋದರೆ ದಾರ ಬಿಚ್ಚಿ ತೆರೆದು ಬದಲಿಸಬಹುದು. ನಾನು ಮೊದಲ ವರ್ಷ ನಾಲ್ಕೂ ಕಡೆ ಟೈ ಹಾಕಿದ್ದೆ, ಐದನೇ ದಿನ ಬಲ್ಬು ಹೋಯಿತು, ಎಲ್ಲಾ ಕತ್ತರಿಸಿ ಮತ್ತೆ ಕಟ್ಟಬೇಕಾಯಿತು. ಇನ್ನೊಂದು ಮಾತು, ಬುಟ್ಟಿಯ ಭಾರ ವೈರಿನ ಮೇಲೆ ಬೀಳಬಾರದು. ನೈಲಾನ್ ಹಗ್ಗದಿಂದ ಮೂರು ಕಡೆ ಕಟ್ಟಿ ಮೊಳೆಗೆ ತೂಗುಹಾಕಿ, ವೈರು ಸಡಿಲವಾಗಿ ಪಕ್ಕದಲ್ಲಿ ಇಳಿಯಲಿ. ದೀಪಾವಳಿ ಹೊತ್ತಿಗೆ ಒಂದೊಂದು ವರ್ಷ ಮಳೆ ಬರುತ್ತದೆ, ಹಾಗಾಗಿ ಮೇಲೆ ಸ್ಲ್ಯಾಬೋ ಛಾವಣಿಯೋ ಇರುವ ಕಡೆಯೇ ತೂಗುಹಾಕಿ. ಕೆಳಗೆ ಬಾಲ ಬೇಕಾದರೆ ಹಳೇ ದುಪ್ಪಟ್ಟಾದ ಜರಿ ಅಂಚು ಕತ್ತರಿಸಿ ಏಳು ಪಟ್ಟಿ ಕಟ್ಟಿ. ಕಾಗದದ ಬಾಲ ಮಂಜಿಗೆ ನೆನೆದು ಬಣ್ಣ ಬಿಡುತ್ತದೆ.

ನಾನು ಬುಟ್ಟಿ ತಂದ ದಿನ ನಮ್ಮ ಅತ್ತಿ 'ಇಷ್ಟು ಬುಟ್ಟಿ ಯಾಕ ತಂದಿ, ಮನ್ಯಾಗ ಅವ ಅಲ್ಲ' ಅಂದಿದ್ದರು. ಅಮಾವಾಸ್ಯೆ ರಾತ್ರಿ ಕರೆಂಟು ಹಾಕಿದಾಗ ತೂತುಗಳ ನೆರಳು ಇಡೀ ಕೆಂಪು ಗೋಡೆಯ ಮೇಲೆ ಜಾಳಿಗೆಯ ಹಾಗೆ ಹರಡಿತು. ಅತ್ತಿ ಕಟ್ಟೆಯ ಮೇಲೆ ಕೂತು ಎಷ್ಟೋ ಹೊತ್ತು ನೋಡುತ್ತಿದ್ದರು. ಮರುದಿನ ಪಕ್ಕದ ಮನೆಯವರನ್ನು ಕರೆದು ತೋರಿಸಿದರು.

ಬಾಗಿಲಿಗೆ ಮಾವಿನ ಎಲೆಯ ತೋರಣ ಇದ್ದೇ ಇರುತ್ತದೆ, ಅದು ಬೇಕೇ ಬೇಕು. ಅದರ ಕೆಳಗೆ ಬಳೆ ತೋರಣ ಹಾಕಿ. ಹಳೇ ಪ್ಲಾಸ್ಟಿಕ್ ಬಳೆ ಒಂದು ಡಜನ್ ಸಾಕು, ಮೂರು ಅಡಿ ಬಾಗಿಲಿಗೆ 12 ಬಳೆ ಸರಿ ಹೊಂದುತ್ತವೆ. ಗಾಜಿನ ಬಳೆ ಬೇಡ, ಬಾಗಿಲು ಬಡಿದಾಗ ಒಡೆದು ಮಕ್ಕಳ ಕಾಲಿಗೆ ಚುಚ್ಚುತ್ತದೆ. ನೀಲಿ, ಬಿಳಿ, ಹಳದಿ ಉಲನ್ ದಾರ ಮೂರು ಉಂಡೆ, 60 ರೂಪಾಯಿ. ಗೆಜ್ಜೆ ಪಾಕೀಟು 20.

ಒಂದು ಬಳೆಗೆ ಸುಮಾರು ಒಂದೂವರೆ ಮಾರು ದಾರ ಹಿಡಿಯುತ್ತದೆ. ಮೊದಲೇ ಅಷ್ಟುದ್ದ ಕತ್ತರಿಸಿಕೊಳ್ಳಿ, ಉಂಡೆಯನ್ನೇ ಬಳೆಯೊಳಗೆ ತೂರಿಸುತ್ತಾ ಕೂತರೆ ಕೈ ಸೋಲುತ್ತದೆ. ದಾರದ ತುದಿಯನ್ನು ಬಳೆಗೆ ಗಂಟು ಹಾಕದೆ, ಬಳೆಯ ಉದ್ದಕ್ಕೂ ಒಂದು ಬೆರಳಷ್ಟು ಮಲಗಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಅದರ ಮೇಲೆಯೇ ಸುತ್ತುತ್ತಾ ಹೋಗಿ. ನಾಲ್ಕೈದು ಸುತ್ತಿಗೆ ತುದಿ ಒಳಗೆ ಮುಚ್ಚಿಹೋಗುತ್ತದೆ, ಗಂಟಿನ ಉಬ್ಬು ಕಾಣುವುದಿಲ್ಲ. ಪ್ರತಿ ಸುತ್ತನ್ನೂ ಉಗುರಿನಿಂದ ಹಿಂದಿನ ಸುತ್ತಿಗೆ ತಾಗಿಸಿ, ನಡುವೆ ಪ್ಲಾಸ್ಟಿಕ್ ಇಣುಕಿದರೆ ದೂರದಿಂದಲೇ ಹೊಳೆದು ಅಗ್ಗ ಕಾಣುತ್ತದೆ. ಕೊನೆಯ ತುದಿಯನ್ನು ದಪ್ಪ ಸೂಜಿಯಿಂದ ಒಳಗಿನ ಪಕ್ಕ ನಾಲ್ಕು ಸುತ್ತಿನ ಕೆಳಗೆ ಎಳೆದು ಕತ್ತರಿಸಿ. ಒಂದು ಬಳೆಗೆ 10 ನಿಮಿಷ. ಟಿವಿ ನೋಡುತ್ತಾ, ಮಕ್ಕಳ ಜೊತೆ ಕೂತು ಮಾಡುವ ಕೆಲಸ ಇದು, ಎರಡು ಸಂಜೆಗೆ ಮುಗಿಯುತ್ತದೆ.

ಹನ್ನೆರಡೂ ಆದ ಮೇಲೆ ಒಂದು ಗಟ್ಟಿ ದಾರಕ್ಕೆ ಸಾಲಾಗಿ ಕಟ್ಟಿ, ಪ್ರತಿ ಬಳೆಯ ಕೆಳಗೆ ಒಂದು ಗೆಜ್ಜೆ. ಡಬಲ್ ಟೇಪಿನಿಂದ ಚೌಕಟ್ಟಿಗೆ ಅಂಟಿಸಬೇಡಿ. ಸುಣ್ಣದ ಗೋಡೆ, ಕೆಂಪು ಕಲ್ಲು ಯಾವುದರ ಮೇಲೂ ಟೇಪು ನಿಲ್ಲುವುದಿಲ್ಲ, ಪೇಂಟಿನ ಮೇಲೆ ನಿಂತರೆ ಕೀಳುವಾಗ ಪೇಂಟನ್ನೂ ಕಿತ್ತುಕೊಂಡು ಬರುತ್ತದೆ. ಚೌಕಟ್ಟಿನ ಎರಡು ಮೂಲೆಗೆ ಒಂದೊಂದು ಸಣ್ಣ ಮೊಳೆ ಕಾಯಂ ಆಗಿ ಇರಲಿ, ವರ್ಷದ ಎಲ್ಲಾ ಹಬ್ಬಕ್ಕೂ ಅದೇ ಬರುತ್ತದೆ.

ಇನ್ನು ನನಗೆ ತುಂಬಾ ಇಷ್ಟದ ಕೆಲಸ, ಪಣತಿ ಇಡುವ ಕಪ್ಪು ತಟ್ಟೆಗಳು. ಇದು ಬಿದ್ರಿ ನೋಡಿ ಕಲಿತದ್ದು. ನಮ್ಮೂರಿನ ಬಿದ್ರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ದು, ಅದರ ಮೈ ಕೊರೆದು ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೇ ಮಣ್ಣಿನಿಂದ ಕಪ್ಪು ಬಣ್ಣ ಬರಿಸುತ್ತಾರೆ. ಮಣ್ಣು ಸತುವನ್ನು ಕಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. 2006ರಲ್ಲಿ ಇದಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು, 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆ ಕೆಲಸ ನಮ್ಮ ನಿಮ್ಮ ಕೈಯಲ್ಲಿ ಆಗುವುದಲ್ಲ. ಆದರೆ ಕಪ್ಪಿನ ಮೇಲೆ ಬೆಳ್ಳಿ ಗೆರೆ ಎಷ್ಟು ಚಂದ ಕಾಣುತ್ತದೆ ಅನ್ನುವುದನ್ನು ಅದರಿಂದ ಕಲಿಯಬಹುದು.

ಕುಂಬಾರರ ಹತ್ತಿರ ಮಣ್ಣಿನ ಮುಚ್ಚಳ ನಾಲ್ಕು ತಗೊಳ್ಳಿ, ನನಗೆ 20 ರೂಪಾಯಿಗೆ ಸಿಕ್ಕವು. ಕಪ್ಪು ಅಕ್ರಿಲಿಕ್ ಬಣ್ಣದ ಸಣ್ಣ ಬಾಟಲಿ 30, ಬೆಳ್ಳಿ ಬಣ್ಣದ ಮಾರ್ಕರ್ ಪೆನ್ನು 50. ಪೆನ್ನಿನಲ್ಲಿ ಉಳಿಸಲು ಹೋಗಬೇಡಿ, 20 ರೂಪಾಯಿ ಪೆನ್ನು ಬೂದಿ ಬಣ್ಣ ಬಿಡುತ್ತದೆ. ಪ್ಲಾಸ್ಟಿಕ್, ಮೆಲಮೈನ್ ತಟ್ಟೆ ಬೇಡ, ಪಣತಿ ಬಿಸಿಗೆ ಆಗಿಬರುವುದಿಲ್ಲ. ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳ್ಳಗೆ ಎರಡು ಸಲ ಬಣ್ಣ ಹಚ್ಚಿ. ದಪ್ಪಗೆ ಒಂದೇ ಸಲ ಹಚ್ಚಿದರೆ ಬಿರುಕು ಬಿಡುತ್ತದೆ. ಒಂದು ರಾತ್ರಿ ಪೂರ್ತಿ ಒಣಗಲಿ.

ಬೆಳಿಗ್ಗೆ ನಡುವೆ ಪಣತಿ ಕೂರುವಷ್ಟು ಜಾಗವನ್ನು ಬಟ್ಟಲಿಟ್ಟು ಗುಂಡಗೆ ಗುರುತು ಮಾಡಿ, ಆ ಜಾಗದಲ್ಲಿ ಏನೂ ಬರೆಯಬೇಡಿ, ಎಣ್ಣೆ ಸುರಿಯುವುದು ಅಲ್ಲೇ. ಉಳಿದ ಅಂಚನ್ನು ಪೆನ್ಸಿಲ್ಲಿನಿಂದ ಎಂಟು ಭಾಗ ಮಾಡಿ, ಪ್ರತಿ ಭಾಗದಲ್ಲಿ ಒಂದೇ ಹೂವು, ಹೂವಿನಿಂದ ಹೂವಿಗೆ ಒಂದು ಬಳ್ಳಿ. ಕೈ ಕುದುರದಿದ್ದರೆ ಬರೀ ಚುಕ್ಕಿ ಇಡಿ, ದೊಡ್ಡದು, ಸಣ್ಣದು, ದೊಡ್ಡದು, ಸಣ್ಣದು. ದೀಪ ಹಚ್ಚಿದಾಗ ಬೆಳ್ಳಿ ಚುಕ್ಕಿಗಳು ಒಂದೊಂದಾಗಿ ಮಿನುಗುತ್ತವೆ. ಇದನ್ನು ನೋಡಿ ಯಾರಾದರೂ 'ಬಿದ್ರೀನಾ?' ಅಂತ ಕೇಳಿದರೆ ಅಲ್ಲ ಅಂತಲೇ ಹೇಳಿ, ಬಿದ್ರಿ ಅಂತ ಹೇಳಿ ಯಾರಿಗೂ ಮಾರಬೇಡಿ. ಹಗಲು ರಾತ್ರಿ ಕೂತು ತಂತಿ ಕೂರಿಸುವವರ ಹೊಟ್ಟೆಯ ಪ್ರಶ್ನೆ ಅದು.

ಸೀರಿಯಲ್ ಲೈಟ್ ಎರಡು ಸಾಕು, ಒಂದಕ್ಕೆ 80. ಅಂಗಡಿಯಲ್ಲಿ ಹಚ್ಚಿ ತೋರಿಸದೆ ತಗೊಳ್ಳಬೇಡಿ. ಒಂದು ವರ್ಷ ಗದ್ದಲದಲ್ಲಿ ಹಾಗೇ ತಂದೆ, ಮನೆಯಲ್ಲಿ ಹಚ್ಚಿದರೆ ಅರ್ಧ ಸರ ಉರಿಯಲೇ ಇಲ್ಲ, ವಾಪಸ್ ಒಯ್ದರೆ ಮಾರಿದ ಮಾಲು ವಾಪಸ್ ಇಲ್ಲ ಅಂದರು. ತುಂಬಾ ಬೇಜಾರಾಗಿತ್ತು. ಬಣ್ಣ ಬಣ್ಣದ್ದು, ಪಕಪಕ ಅನ್ನುವುದು ಬೇಡ, ಒಂದೇ ಹಳದಿ ಬೆಳಕಿನದು ತಗೊಳ್ಳಿ. ಗೋಡೆಗೆ ನೇರ ಹಾಕದೆ ಲಕ್ಷ್ಮಿ ಕೂರಿಸುವ ಜಾಗದ ಹಿಂದೆ ಹಳೇ ಜರಿ ಸೀರೆ ಇಳಿಬಿಟ್ಟು, ಸೀರೆಯ ಹಿಂದೆ ಲೈಟು ಬಿಡಿ. ತೆಳು ಸೀರೆಯಾದರೆ ಬೆಳಕು ಸೋಸಿ ಬರುತ್ತದೆ, ವೈರು ಕಾಣುವುದಿಲ್ಲ. ಮುಂದೆ ಬಾಳೆಕಂಬ, ಕಬ್ಬಿನ ಜಲ್ಲೆ ಇಟ್ಟರೆ ಬೇರೇನೂ ಬೇಕಾಗಿಲ್ಲ. ಆ ಸೀರೆಯ ಹತ್ತಿರ ಪಣತಿ ಮಾತ್ರ ಇಡಬೇಡಿ.

ಬೆಂಕಿಯ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೂರು ವರ್ಷದ ಕೆಳಗೆ ನಮ್ಮ ಗೋಡೆಯ ಗೂಡಿನಲ್ಲಿ ಪಣತಿ ಇಟ್ಟು, ಗೂಡಿನ ಮೇಲೆ ಪ್ಲಾಸ್ಟಿಕ್ ಹೂವಿನ ಸರ ಬಿಟ್ಟಿದ್ದೆ. ಉರಿ ಸರಕ್ಕೆ ತಾಗುತ್ತಿರಲಿಲ್ಲ, ಒಂದು ಗೇಣು ದೂರ ಇತ್ತು. ಆದರೆ ಉರಿಯ ಕಾವು ನೇರ ಮೇಲಕ್ಕೇ ಏರುತ್ತದೆ, ಅರ್ಧ ಗಂಟೆಯಲ್ಲಿ ಹೂವು ಮೆತ್ತಗಾಗಿ, ಕರಗಿ, ಉರಿಯುತ್ತಾ ತೊಟ್ಟಿಕ್ಕತೊಡಗಿತು. ಕೆಳಗೆ ಮಗಳು ಸುರಸುರಬತ್ತಿ ಹಿಡಿದು ನಿಂತಿದ್ದಳು. ನನ್ನ ಗಂಡ ಓಡಿ ಬಂದು ಅವಳನ್ನು ಎಳೆದರು. ಏನೂ ಆಗಲಿಲ್ಲ, ಆದರೆ ಆ ಕಪ್ಪು ಕಲೆ ನೆಲದ ಫರ್ಸಿ ಕಲ್ಲಿನ ಮೇಲೆ ಇನ್ನೂ ಇದೆ. ಅಂದಿನಿಂದ ಪ್ಲಾಸ್ಟಿಕ್ ಹೂವು ಮನೆಗೆ ತಂದಿಲ್ಲ. ಪಣತಿಯ ನೇರ ಮೇಲೆ ಎರಡು ಅಡಿ ಏನೂ ಇರಬಾರದು, ಬಟ್ಟೆ, ಕಾಗದ, ಥರ್ಮಾಕೋಲ್ ಯಾವುದೂ. ಆಕಾಶಬುಟ್ಟಿಯ ಬಾಲದ ಕೆಳಗೂ ದೀಪ ಇಡಬೇಡಿ.

ಪ್ಲಾಸ್ಟಿಕ್ ಹೂವಿನ ಬದಲು ನಿಜವಾದ ಚೆಂಡು ಹೂವು ತಗೊಳ್ಳಿ. ಅಮಾವಾಸ್ಯೆ ಬೆಳಿಗ್ಗೆ ರೇಟು ಏರಿರುತ್ತದೆ, ಹಿಂದಿನ ದಿನ ಸಂಜೆಯೇ ತಂದು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟರೆ ತಾಜಾ ಇರುತ್ತವೆ. ಸರಕ್ಕೆ ಜಾಸ್ತಿ ಬೇಡ, ಸ್ಟೀಲಿನ ಅಗಲ ಬೋಗುಣಿಗೆ ನೀರು ಹಾಕಿ ಎಸಳು ತೇಲಿಬಿಡಿ. ಒಂದಿಷ್ಟು ಇಡೀ ಹೂವು ತೆಗೆದಿಡಿ, ಪಾಡ್ಯದ ದಿನ ಸಗಣಿಯಿಂದ ಮಾಡುವ ಪಾಂಡವರ ಗೊಂಬೆಗಳಿಗೆ ಸಿಕ್ಕಿಸಲು ಬೇಕಾಗುತ್ತದೆ.

ರಂಗೋಲಿಗೆ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಶಹಾಬಾದಿನ ಫರ್ಸಿ ಅಂಗಳ. ಆ ಬೂದು ನೀಲಿ ಕಲ್ಲಿನ ಮೇಲೆ ಬರೀ ಬಿಳಿ ಪುಡಿ ಹಾಕಿದರೂ ಎದ್ದು ಕಾಣುತ್ತದೆ, ಹತ್ತು ಬಣ್ಣದ ಪಾಕೀಟು ತರಬೇಕಿಲ್ಲ. ಬಿಳಿಯ ಜೊತೆ ಒಂದು ಹಳದಿ ಸಾಕು. ಕಲ್ಲನ್ನು ತೊಳೆದು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಾಕಿ, ಗಾಳಿಗೆ ಹಾರುವುದಿಲ್ಲ. ರಂಗೋಲಿ ಪುಡಿ, ಎರಡು ಡಜನ್ ಪಣತಿ ಸೇರಿ 90 ರೂಪಾಯಿ. ಹೊಸ ಪಣತಿಯನ್ನು ಹಚ್ಚುವ ಮುಂಚೆ ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮಣ್ಣೇ ಎಣ್ಣೆ ಕುಡಿಯುತ್ತದೆ.

ಹಬ್ಬ ಮುಗಿದ ಮೇಲೆ ಬಳೆ ತೋರಣವನ್ನು ಬೇವಿನ ಒಣ ಎಲೆ ಹಾಕಿ ಬಟ್ಟೆ ಚೀಲದಲ್ಲಿ ಕಟ್ಟಿಡಿ, ಉಲನ್ನಿಗೆ ಹುಳ ಬೀಳುವುದಿಲ್ಲ. ಕಪ್ಪು ತಟ್ಟೆಗಳನ್ನು ತೊಳೆಯಬೇಡಿ, ಒಣ ಬಟ್ಟೆಯಿಂದ ಎಣ್ಣೆ ಒರೆಸಿ ನಡುವೆ ಪೇಪರ್ ಹಾಕಿ ಒಂದರ ಮೇಲೊಂದು ಇಡಿ. ಬುಟ್ಟಿಗಳನ್ನು ಕಾರ್ತಿಕ ಮುಗಿದ ಮೇಲೆ ಬಿಚ್ಚಿ, ಕಾಗದ ತೆಗೆದು ತೊಳೆದರೆ ಮತ್ತೆ ಉಳ್ಳಾಗಡ್ಡಿಗೆ ಬರುತ್ತವೆ. ಹೋಲ್ಡರ್, ವೈರು ಮಾತ್ರ ನಮ್ಮ ಮನೆಯಲ್ಲಿ ಪೆಟ್ಟಿಗೆ ಸೇರುವುದಿಲ್ಲ. ಬೀದರಿನಲ್ಲಿ ಮೆಥೋಡಿಸ್ಟ್ ಚರ್ಚಿನವರು ಬಹಳ ಮಂದಿ, ಡಿಸೆಂಬರ್ ಬಂತು ಅಂದ್ರೆ ಗಲ್ಲಿ ಗಲ್ಲಿಯಲ್ಲಿ ನಕ್ಷತ್ರ ತೂಗುತ್ತವೆ. ಹಿಂದಿನ ಮನೆಯ ಅಕ್ಕ ಬಿದಿರು ಕಡ್ಡಿ, ಉಳಿದ ಪತಂಗದ ಕಾಗದದಿಂದ ತಾವೇ ನಕ್ಷತ್ರ ಕಟ್ಟುತ್ತಾರೆ, ಅದರೊಳಗೆ ಹೊಸ ವರ್ಷದ ತನಕ ನಮ್ಮ ಬಲ್ಬೇ ಉರಿಯುತ್ತದೆ.